ನಾನು ಬರೆಯದೆ ಹೋದ ಚೀಟಿ

ಕಳೆದ ದಸರೆಯ ರಜೆಗೆ ನನ್ನ ಮೊಮ್ಮಗಳು ಊರಿಗೆ ಬಂದಿದ್ದಳು. ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಓದುತ್ತಿರುವ ಅವಳು ಹಬ್ಬದ ಗಲಾಟೆಯ ನಡುವೆಯೂ ಜಗಲಿಯ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಏನನ್ನೋ ಬರೆಯುತ್ತ ಕುಳಿತಿರುತ್ತಿದ್ದಳು. ಪಾಠಕ್ಕೆ ಸಂಬಂಧಿಸಿದ್ದಿರಬೇಕೆಂದು ನಾನು ಮೂರು ದಿನ ಸುಮ್ಮನಿದ್ದೆ. ನಾಲ್ಕನೆಯ ದಿನ ಅವಳೇ ಕರೆದು, "ಅಜ್ಜ, ಈ ಪತ್ರವನ್ನೊಮ್ಮೆ ನೋಡಿ, ತಪ್ಪಿದ್ದರೆ ತಿದ್ದಿಕೊಡಿ" ಎಂದಳು. ಕೆಂಪು ಶಾಯಿಯ ಪೆನ್ನನ್ನು ಕೆಳಗಿಟ್ಟು ಎರಡು ದಶಕಗಳಾಗುತ್ತ ಬಂದರೂ, ತಿದ್ದಿಕೊಡಿ ಎಂದು ಯಾರಾದರೂ ಕೇಳಿದರೆ ಈಗಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಕನ್ನಡಕ ಹುಡುಕಿಕೊಂಡು ಕುಳಿತೆ.

ಪತ್ರ ಇಂಗ್ಲಿಷಿನಲ್ಲಿತ್ತು. ವ್ಯಾಕರಣದ ತಪ್ಪುಗಳಿರಲಿಲ್ಲ. ತಾನು ಪರಿಶ್ರಮಿ, ಬೇಗ ಕಲಿಯುವವಳು, ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಮಾಡುವುದು ತನ್ನ ಬಹುದಿನದ ಕನಸು, ದಯವಿಟ್ಟು ಅವಕಾಶ ಕೊಡಿಸಬೇಕು ಎಂದು ಬರೆದಿದ್ದಳು. "ಯಾರಿಗೆ ಬರೆದದ್ದು?" ಎಂದು ಕೇಳಿದೆ. "ನಲವತ್ತೊಂದು ಜನಕ್ಕೆ ಕಳಿಸಿದ್ದೇನೆ. ಯಾರೂ ಉತ್ತರಿಸಿಲ್ಲ. ಅದಕ್ಕೇ ತಪ್ಪೇನಿದೆ ನೋಡಿ ಎಂದದ್ದು" ಎಂದಳು. "ಅವರೆಲ್ಲ ನಿನಗೆ ಪರಿಚಿತರೇ?" "ಯಾರೂ ಅಲ್ಲ ಅಜ್ಜ. ಲಿಂಕ್ಡ್‌ಇನ್‌ನಲ್ಲಿ ಸಿಕ್ಕಿದವರು. ನೆಟ್‌ವರ್ಕಿಂಗ್ ಮಾಡಬೇಕು ಅಂತ ಕಾಲೇಜಿನಲ್ಲಿ ಹೇಳಿದ್ದಾರೆ."

ಗುರುತಿಲ್ಲದ ನಲವತ್ತೊಂದು ಮಂದಿಯ ಮುಂದೆ ನನ್ನ ಮೊಮ್ಮಗಳು ಕೈಚಾಚಿ ನಿಂತ ಹಾಗೆ ಅನಿಸಿ ಮನಸ್ಸಿಗೆ ಕಸಿವಿಸಿಯಾಯಿತು. "ಓದು ಚೆನ್ನಾಗಿದ್ದರೆ ಕೆಲಸ ತಾನಾಗಿ ಬರುತ್ತದೆ. ಇದೆಲ್ಲ ಹೊಸ ಹೆಸರಿನ ವಶೀಲಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಮಾತನ್ನು ನಾನು ಹಿಂದೊಮ್ಮೆ ಆಡಿದ್ದೆ, ಅದರ ಫಲವನ್ನೂ ಕಂಡಿದ್ದೆ. ಆದುದರಿಂದ ಬಾಯಿ ಮುಚ್ಚಿಕೊಂಡೆ.

ವಶೀಲಿ ಎಂಬ ಪದ ಅರಬ್ಬಿಯಿಂದ ಹೊರಟು ನಮ್ಮವರೆಗೆ ಬಂದದ್ದು. ಮೂಲದಲ್ಲಿ ಅದಕ್ಕೆ ಸಾಧನ, ಮಾಧ್ಯಮ ಎಂಬ ನಿರುಪದ್ರವಿ ಅರ್ಥವಿದೆ. ಒಂದೆಡೆಯಿಂದ ಇನ್ನೊಂದೆಡೆಗೆ ತಲಪಿಸುವಂಥದು, ಅಷ್ಟೆ. ನಮ್ಮ ಕಚೇರಿಗಳ ಪಡಸಾಲೆಯಲ್ಲಿ ಓಡಾಡಿ ಓಡಾಡಿ ಅದಕ್ಕೆ ಕೆಟ್ಟ ವಾಸನೆ ಅಂಟಿಕೊಂಡಿತು. 1971ರಲ್ಲಿ ಸರಕಾರಿ ಪ್ರೌಢಶಾಲೆಗೆ ಗಣಿತದ ಅಧ್ಯಾಪಕನಾಗಿ ಸೇರಿದ ನಾನು ಆ ವಾಸನೆಯನ್ನು ಸಾಕಷ್ಟು ಕುಡಿದವನು. ಒಂದೇ ಊರಿನಲ್ಲಿ ಹನ್ನೊಂದು ವರ್ಷ ಕೊಳೆತಾಗಲೂ ವರ್ಗಾವಣೆಗಾಗಿ ಯಾರ ಮನೆಯ ಬಾಗಿಲನ್ನೂ ತಟ್ಟಲಿಲ್ಲ. ನನಗಿಂತ ಹಿಂದೆ ಬಂದವರು ಶಾಸಕರ ಚೀಟಿ ಹಿಡಿದು ತಾಲ್ಲೂಕು ಕೇಂದ್ರಕ್ಕೆ ಹೋದರು. ಅವರಿಗೆ ಸಿಕ್ಕದ್ದು ಊರು, ನನಗೆ ಸಿಕ್ಕದ್ದು ಹೆಮ್ಮೆ. ಈ ಹೆಮ್ಮೆಯನ್ನು ನಾನು ನನ್ನಷ್ಟಕ್ಕೆ ಇಟ್ಟುಕೊಂಡಿದ್ದರೆ ತೊಂದರೆಯಿರುತ್ತಿರಲಿಲ್ಲ. ನನ್ನ ಹುಡುಗರಿಗೂ ಹಂಚಿದೆ.

1992ರ ಬೇಸಿಗೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಹೆಸರು ಬೇಡ. ಬಡ ಮನೆಯ ಹುಡುಗ, ರೇಖಾಗಣಿತದಲ್ಲಿ ಚುರುಕು. ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐನಲ್ಲಿ ಫಿಟ್ಟರ್ ತರಬೇತಿ ಪಡೆದಿದ್ದ. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ನೋಂದಾಯಿಸಿ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿ ಇಟ್ಟುಕೊಂಡಿದ್ದ. ಆ ಕಾಲದವರಿಗೆ ಈ ಕಾರ್ಡಿನ ಮಹಿಮೆ ಗೊತ್ತು. ಕರೆ ಬರಲಿ ಬಿಡಲಿ, ನವೀಕರಣದ ದಿನಾಂಕವನ್ನು ಮಾತ್ರ ಯಾರೂ ಮರೆಯುತ್ತಿರಲಿಲ್ಲ. ಹುಡುಗನಿಗೆ ಒಂದು ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಸೇರುವ ಆಸೆಯಿತ್ತು. 1961ರ ಅಪ್ರೆಂಟಿಸ್ ಕಾಯಿದೆಯಂತೆ ದೊಡ್ಡ ಕಾರ್ಖಾನೆಗಳು ಇಂತಿಷ್ಟು ಮಂದಿಯನ್ನು ತರಬೇತಿಗೆ ತೆಗೆದುಕೊಳ್ಳಬೇಕು, ತಿಂಗಳಿಗೆ ಸಣ್ಣದೊಂದು ಭತ್ಯೆ ಕೊಡಬೇಕು. ಅದು ಮುಗಿದ ಮೇಲೆ ಪರೀಕ್ಷೆ, ಪ್ರಮಾಣಪತ್ರ. ಕೈಕಸುಬಿನ ಹುಡುಗನಿಗೆ ಅದು ಬದುಕಿನ ಹೆಬ್ಬಾಗಿಲು. ನನ್ನ ಕಾಲೇಜಿನ ಸಹಪಾಠಿಯೊಬ್ಬ ಆ ಕಾರ್ಖಾನೆಯಲ್ಲಿ ಅಧಿಕಾರಿಯಾಗಿದ್ದಾನೆಂದು ಅವನು ಎಲ್ಲಿಂದಲೋ ತಿಳಿದುಕೊಂಡಿದ್ದ.

"ಸಾರ್, ಅವರಿಗೆ ಒಂದು ಚೀಟಿ ಬರೆದುಕೊಡಿ. ಹೋಗಿ ಕಂಡು ಬರ್ತೀನಿ" ಎಂದ.

ನಾನು ಕೊಟ್ಟ ಉತ್ತರ ಅಕ್ಷರ ಅಕ್ಷರವಾಗಿ ನೆನಪಿದೆ. "ನಿನ್ನ ಅಂಕಪಟ್ಟಿಯೇ ನಿನ್ನ ಶಿಫಾರಸು. ಇನ್ನೊಬ್ಬರ ಚೀಟಿ ಹಿಡಿದು ಹೋದವನು ಜೀವನಪೂರ್ತಿ ತಲೆ ತಗ್ಗಿಸಿರಬೇಕಾಗುತ್ತದೆ." ಹುಡುಗ ತಲೆ ತಗ್ಗಿಸಿ ಹೊರಟುಹೋದ. ಮನೆಯಾಕೆ ತಂದಿಟ್ಟ ಕಾಫಿಯನ್ನೂ ಪೂರ್ತಿ ಕುಡಿಯಲಿಲ್ಲ. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂದಿತೆಂದು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಮುಂದೆ ಇಪ್ಪತ್ತೇಳು ವರ್ಷ ಅವನನ್ನು ಕಾಣಲಿಲ್ಲ. 2019ರಲ್ಲಿ ತೋಟದ ಪಂಪಿನ ಮೋಟಾರು ಸುಟ್ಟುಹೋಗಿ, ಅದನ್ನು ಆಟೋದಲ್ಲಿ ಹೇರಿಕೊಂಡು ಶಿವಮೊಗ್ಗಕ್ಕೆ ಹೋಗಿದ್ದೆ. ಯಾರೋ ತೋರಿಸಿದ ವೈಂಡಿಂಗ್ ಅಂಗಡಿಯೊಳಗೆ ತಾಮ್ರದ ತಂತಿಯ ನಡುವೆ ಕುಳಿತಿದ್ದ ನರೆಗೂದಲಿನ ವ್ಯಕ್ತಿ ನನ್ನನ್ನು ಕಂಡೊಡನೆ ಎದ್ದು ನಿಂತ. ಅವನೇ. ಅಂಗಡಿ ಸ್ವಂತದ್ದು, ಇಬ್ಬರು ಹುಡುಗರು ಕೈಕೆಳಗೆ ದುಡಿಯುತ್ತಿದ್ದರು. ಬದುಕು ಕೆಟ್ಟಿರಲಿಲ್ಲ. ಆ ಹಳೆಯ ದಿನದ ಮಾತನ್ನು ನಾನೇ ತೆಗೆದೆ. ಅವನು ತಂತಿ ಸುತ್ತುತ್ತಲೇ, ಯಾವ ಕಹಿಯೂ ಇಲ್ಲದೆ ಹೇಳಿದ: "ಸಾರ್, ಕೆಲಸ ಕೊಡಿಸಿ ಅಂತ ನಾನು ಕೇಳಿರಲಿಲ್ಲ. ಅಪ್ರೆಂಟಿಸ್‌ಗೆ ಯಾವಾಗ ತಗೋತಾರೆ, ಅರ್ಜಿ ಎಲ್ಲಿ ಕೊಡಬೇಕು, ಅಷ್ಟು ಕೇಳೋಕೆ ಒಳಗಿನವರೊಬ್ಬರ ಹೆಸರು ಬೇಕಿತ್ತು. ನೋಟೀಸು ಗೇಟಿನ ಒಳಗೆ ಹಾಕ್ತಿದ್ದರು. ನಾನು ಗೇಟಿನ ಹೊರಗೆ ನಿಂತಿದ್ದೆ. ಗೊತ್ತಾಗುವ ಹೊತ್ತಿಗೆ ಮುಗಿದಿತ್ತು."

ಮೋಟಾರಿನ ಹಣ ಬೇಡವೆಂದ. ಬಲವಂತದಿಂದ ಕೊಟ್ಟು ಬಂದೆ. ಬಸ್ಸಿನಲ್ಲಿ ಕುಳಿತವನಿಗೆ ಶಿವಮೊಗ್ಗದಿಂದ ಊರಿನವರೆಗೆ ಅದೊಂದೇ ಮಾತು.

ಅವನು ಕೇಳಿದ್ದು ಪ್ರಭಾವವನ್ನಲ್ಲ, ಸುದ್ದಿಯನ್ನು. ಇವೆರಡರ ನಡುವಣ ಅಂತರವನ್ನು ಮೂವತ್ತೈದು ವರ್ಷ ಲೆಕ್ಕ ಕಲಿಸಿದ ನಾನು ಗುರುತಿಸದೆ ಹೋದೆ. ನನ್ನ ಪ್ರಭಾವದಿಂದ ಅನರ್ಹನೊಬ್ಬ ಅರ್ಹನ ಜಾಗದಲ್ಲಿ ಕೂತರೆ ಅದು ಅನ್ಯಾಯ. ಆದರೆ ಅರ್ಹನೊಬ್ಬನಿಗೆ ಬಾಗಿಲು ತೆರೆಯುವ ತಾರೀಖನ್ನೇ ತಿಳಿಸದಿರುವುದನ್ನು ನ್ಯಾಯವೆಂದು ಕರೆದುಕೊಂಡು ನಾನು ಹಾಯಾಗಿ ನಿದ್ರಿಸಿದ್ದೆನಲ್ಲ!

ಪೇಟೆಯ ವೈದ್ಯರ ಮಗನಿಗೆ, ಇಂಜಿನಿಯರರ ಮಗಳಿಗೆ ಈ ಚೀಟಿ ಬೇಕಾಗುವುದಿಲ್ಲ. ಅವರ ಮನೆಗೆ ಭಾನುವಾರ ಊಟಕ್ಕೆ ಬರುವ ಮಾವ, ಅಪ್ಪನ ಗೆಳೆಯ, ಪಕ್ಕದ ಮನೆಯ ನಿವೃತ್ತ ಅಧಿಕಾರಿ ಇವರೆಲ್ಲ ಮಾತಿನ ನಡುವೆ ಹೇಳಿಬಿಡುತ್ತಾರೆ: ಇಂಥ ಕಡೆ ಇಂಥ ತಿಂಗಳಿನಲ್ಲಿ ತೆಗೆದುಕೊಳ್ಳುತ್ತಾರೆ, ಈ ವಿಷಯ ಓದಿಕೊಂಡು ಹೋಗು. ಅದನ್ನು ಯಾರೂ ವಶೀಲಿ ಎನ್ನುವುದಿಲ್ಲ. ನಮ್ಮ ಹಳ್ಳಿಯ ಶಾಲೆಯ ಮಕ್ಕಳಿಗೆ ಭಾನುವಾರ ಊಟಕ್ಕೆ ಬರುವವರು ಇನ್ನೂ ಬಡವರಾದ ನೆಂಟರು. ಅವರಿಗೆ ಗೊತ್ತಿರುವ ಏಕೈಕ ಓದಿದ ಮನುಷ್ಯನೆಂದರೆ ಮೇಷ್ಟ್ರು. ಆ ಮೇಷ್ಟ್ರು ಸ್ವಾಭಿಮಾನದ ಪಾಠ ಹೇಳಿ ಕಳಿಸಿದರೆ?

ಹೀಗೆ ಯೋಚಿಸುತ್ತ ಹೋದಾಗ ನನ್ನದೇ ಹಳೆಯ ಕತೆಯೊಂದು ನೆನಪಾಗಿ ಇನ್ನಷ್ಟು ಕುಗ್ಗಿದೆ. 1964ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಮೈಸೂರಿಗೆ ಹೊರಟಾಗ ಊರಿನ ಪೋಸ್ಟ್ ಮಾಸ್ತರರು ಕಾರ್ಡಿನ ಅರ್ಧ ಭಾಗದಷ್ಟು ಕಾಗದದಲ್ಲಿ ನಾಲ್ಕು ಸಾಲು ಬರೆದುಕೊಟ್ಟಿದ್ದರು. ಅವರಿಗೆ ಹಿಂದೆಂದೋ ಪರಿಚಯವಾಗಿದ್ದ ಕಾಲೇಜು ಗುಮಾಸ್ತರೊಬ್ಬರ ಹೆಸರಿಗೆ. ಆ ಗುಮಾಸ್ತರು ನನಗೆ ಸೀಟು ಕೊಡಿಸಲಿಲ್ಲ, ಕೊಡಿಸುವ ಶಕ್ತಿಯೂ ಅವರಿಗಿರಲಿಲ್ಲ. ವಿದ್ಯಾರ್ಥಿನಿಲಯದ ಅರ್ಜಿಗೆ ಎರಡೇ ದಿನ ಉಳಿದಿದೆ, ಆದಾಯದ ಪತ್ರವನ್ನು ಇಂಥ ಕಡೆ ಮಾಡಿಸು, ಅಷ್ಟು ಹೇಳಿದರು. ಆ ಎರಡು ದಿನ ತಪ್ಪಿದ್ದರೆ ನಾನು ಊರಿಗೆ ಹಿಂತಿರುಗಿ ದನ ಕಾಯುತ್ತಿದ್ದೆನೋ ಏನೋ. ಆ ಚೀಟಿಯನ್ನು ನಾನು ವಶೀಲಿಯ ಖಾತೆಗೆ ಎಂದೂ ಬರೆದುಕೊಂಡಿರಲಿಲ್ಲ. ನಿಜ ಹೇಳಬೇಕೆಂದರೆ, ಯಾವ ಖಾತೆಗೂ ಬರೆದುಕೊಂಡಿರಲಿಲ್ಲ.

ಗಣಿತದ ಮೇಷ್ಟ್ರಾದವನು ಶ್ರೀನಿವಾಸ ರಾಮಾನುಜನ್ನರ ಕತೆಯನ್ನು ಹೇಳದೆ ಇರುವುದುಂಟೆ? ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದೆ. ಕುಂಭಕೋಣದ ಬಡ ಹುಡುಗ, ಪರೀಕ್ಷೆಯಲ್ಲಿ ನಪಾಸಾದ ಮಹಾಪ್ರತಿಭೆ, ಕೇಂಬ್ರಿಡ್ಜಿಗೆ ಪತ್ರ, ಹಡಗು, ಕೀರ್ತಿ. ಪ್ರತಿಭೆ ಇದ್ದರೆ ಜಗತ್ತೇ ಹುಡುಕಿಕೊಂಡು ಬರುತ್ತದೆ ಎಂಬುದು ನನ್ನ ವ್ಯಾಖ್ಯಾನ. ಶಿವಮೊಗ್ಗದಿಂದ ಬಂದ ಮೇಲೆ ಅವರ ಜೀವನ ಚರಿತ್ರೆಯನ್ನು ಮತ್ತೊಮ್ಮೆ ಓದಿದೆ. ಜಗತ್ತು ಎಲ್ಲಿಯೂ ಹುಡುಕಿಕೊಂಡು ಬಂದಿರಲಿಲ್ಲ. ರಾಮಾನುಜನ್ನರೇ ಬಾಗಿಲಿನಿಂದ ಬಾಗಿಲಿಗೆ ನಡೆದಿದ್ದರು.

ಮದುವೆಯಾಗಿ ಸಂಸಾರದ ಹೊಣೆ ಬಿದ್ದಿದ್ದ ಅವರು 1910ರಲ್ಲಿ ತಿರುಕ್ಕೋಯಿಲೂರಿಗೆ ಹೋಗಿ ಡೆಪ್ಯುಟಿ ಕಲೆಕ್ಟರರಾಗಿದ್ದ ವಿ. ರಾಮಸ್ವಾಮಿ ಅಯ್ಯರರನ್ನು ಕಂಡರು. ಭಾರತೀಯ ಗಣಿತ ಸಂಘವನ್ನು ಸ್ಥಾಪಿಸಿದವರು ಈ ಅಯ್ಯರರೇ. ರಾಮಾನುಜನ್ ಬೇಡಿದ್ದು ಒಂದು ಗುಮಾಸ್ತೆ ಕೆಲಸವನ್ನು. ಕೈಯಲ್ಲಿದ್ದದ್ದು ಲೆಕ್ಕದ ನೋಟುಪುಸ್ತಕ. ಅಯ್ಯರರು ಪುಟ ತಿರುವಿ ನೋಡಿ, ಇಂಥವನನ್ನು ಕಂದಾಯ ಇಲಾಖೆಯ ಕೆಳಮೆಟ್ಟಿಲಿನಲ್ಲಿ ಕೂರಿಸಿ ಉಸಿರುಗಟ್ಟಿಸಲು ಮನಸ್ಸೊಪ್ಪದೆ, ಮದರಾಸಿನ ಗಣಿತಜ್ಞ ಮಿತ್ರರಿಗೆ ಪರಿಚಯ ಪತ್ರ ಬರೆದು ಕಳಿಸಿದರು. ಅಲ್ಲಿ ಪಿ.ವಿ. ಶೇಷು ಅಯ್ಯರ್ ಇನ್ನೊಂದು ಚೀಟಿ ಕೊಟ್ಟರು. ಅದು ನೆಲ್ಲೂರಿನ ಕಲೆಕ್ಟರರಾಗಿದ್ದ ಗಣಿತಾಸಕ್ತ ಆರ್. ರಾಮಚಂದ್ರರಾಯರಿಗೆ. ರಾಯರಿಗೆ ಮೊದಲು ಏನೂ ಅರ್ಥವಾಗಲಿಲ್ಲವಂತೆ. ಮತ್ತೆ ಮತ್ತೆ ಬರಹೇಳಿ, ಕೊನೆಗೆ ಕೆಲಕಾಲ ತಿಂಗಳಿಗೆ 25 ರೂಪಾಯಿಯಂತೆ ತಮ್ಮ ಕೈಯಿಂದಲೇ ಕೊಟ್ಟರು. 1912ರ ಮಾರ್ಚಿಯಲ್ಲಿ ಮದರಾಸು ಬಂದರು ಕಚೇರಿಯಲ್ಲಿ 30 ರೂಪಾಯಿಯ ಗುಮಾಸ್ತೆ ಕೆಲಸ ಸಿಕ್ಕಿತು. ಆ ಅರ್ಜಿಯ ಜೊತೆಗೆ ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರಾಧ್ಯಾಪಕ ಮಿಡ್ಲ್‌ಮಾಸ್ಟರ ಶಿಫಾರಸು ಪತ್ರವಿತ್ತು. ಜಿ.ಎಚ್. ಹಾರ್ಡಿಯವರಿಗೆ ಜಗತ್ಪ್ರಸಿದ್ಧವಾದ ಆ ಪತ್ರ ಬರೆದದ್ದು ಇದೆಲ್ಲ ಆದ ಮೇಲೆ, 1913ರ ಜನವರಿ 16ರಂದು. ಅದಕ್ಕೆ ಮುನ್ನ ಬೇಕರ್ ಮತ್ತು ಹಾಬ್ಸನ್ ಎಂಬ ಇಬ್ಬರು ಕೇಂಬ್ರಿಡ್ಜ್ ಪ್ರಾಧ್ಯಾಪಕರಿಗೆ ಬರೆದು ನಿರಾಶರಾಗಿದ್ದರು.

ನಾನು ತರಗತಿಯಲ್ಲಿ ಈ ಚೀಟಿಗಳನ್ನೆಲ್ಲ ಹಾರಿಸಿ ನೇರವಾಗಿ ಹಡಗು ಹತ್ತಿಸಿಬಿಡುತ್ತಿದ್ದೆ. ಮುಂದಿನ ಬೆಂಚಿನ ಹುಡುಗರ ಕಣ್ಣು ಮಿನುಗುತ್ತಿತ್ತು, ನನಗೆ ಅಷ್ಟೇ ಸಾಕಾಗಿತ್ತು. ಅವರು ಪ್ರತಿ ಬಾಗಿಲಿಗೂ ನೋಟುಪುಸ್ತಕವನ್ನು ಹಿಡಿದುಕೊಂಡೇ ಹೋದರು ಎಂಬುದನ್ನೂ ನಾನು ಒತ್ತಿ ಹೇಳಿರಲಿಲ್ಲ. ಹಾರ್ಡಿಯವರ ಪತ್ರದಲ್ಲಿ ತಾನು ಪರಿಶ್ರಮಿ, ಬೇಗ ಕಲಿಯುವವನು ಎಂದು ಬರೆದು ಕೈಮುಗಿದಿರಲಿಲ್ಲ. ತಾನು ಯಾರು, ಸಂಬಳವೆಷ್ಟು ಎಂದು ನಾಲ್ಕು ಮಾತು ಹೇಳಿ, ಸುಮಾರು 120 ಪ್ರಮೇಯಗಳನ್ನು ಮುಂದಿಟ್ಟಿದ್ದರು.

ಈ ವಿಚಾರಕ್ಕೆ ಅಮೆರಿಕದಲ್ಲಿ ಶಾಸ್ತ್ರೀಯ ಅಧ್ಯಯನವೇ ನಡೆದಿದೆಯೆಂದು ಆಮೇಲೆ ತಿಳಿಯಿತು. ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ ಬಾಸ್ಟನ್ ಬಳಿಯ ನ್ಯೂಟನ್ ಎಂಬ ಊರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ವಿಚಾರಿಸಿ, 1973ರಲ್ಲಿ ಒಂದು ಪ್ರಬಂಧವನ್ನೂ ಮರುವರ್ಷ ಒಂದು ಪುಸ್ತಕವನ್ನೂ ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಲಸದ ಸುಳಿವು ಸಿಕ್ಕಿದ್ದು ಯಾರೋ ಒಬ್ಬ ಮನುಷ್ಯನಿಂದ. ಸ್ನೇಹಿತನೊಬ್ಬ ತಿಳಿಸಿದನೇ ಎಂದು ಕೇಳಿದರೆ, ಸ್ನೇಹಿತನಲ್ಲ, ಬರಿಯ ಪರಿಚಯದವನು ಎಂದು ಅವರು ತಿದ್ದುತ್ತಿದ್ದರಂತೆ. ಹೀಗೆ ಮನುಷ್ಯರ ಮೂಲಕ ಕೆಲಸ ಪಡೆದವರಲ್ಲಿ ನೂರಕ್ಕೆ ಸುಮಾರು 17 ಮಂದಿ ಮಾತ್ರ ಆ ಮನುಷ್ಯನನ್ನು ಆಗಾಗ ಕಾಣುತ್ತಿದ್ದವರು. ಉಳಿದವರಿಗೆಲ್ಲ ಅವನು ಆಗೊಮ್ಮೆ ಈಗೊಮ್ಮೆ ಇಲ್ಲವೆ ಅಪರೂಪಕ್ಕೆ ಭೇಟಿಯಾಗುವವನು. ಕಾರಣ ಸರಳ. ನಮ್ಮ ಆಪ್ತರಿಗೆ ಗೊತ್ತಿರುವುದು ಬಹುಮಟ್ಟಿಗೆ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರಬೇಕಾದರೆ ಅದು ಇನ್ನೊಂದು ಓಣಿಯಿಂದಲೇ ಬರಬೇಕು. 2003ರಲ್ಲಿ ಆರಂಭವಾದ ಲಿಂಕ್ಡ್‌ಇನ್‌ನ 2 ಕೋಟಿಗೂ ಹೆಚ್ಚು ಬಳಕೆದಾರರನ್ನು ಐದು ವರ್ಷಗಳ ಕಾಲ ಪರಿಶೀಲಿಸಿದ ಅಧ್ಯಯನವೊಂದು 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದಿತು. ತೀರ ಆಪ್ತರಿಗಿಂತಲೂ ತೀರ ಅಪರಿಚಿತರಿಗಿಂತಲೂ ಮಧ್ಯದವರು, ಅಂದರೆ ಒಂದಷ್ಟು ಸಮಾನ ಪರಿಚಿತರುಳ್ಳವರು, ಹೆಚ್ಚು ನೆರವಾಗುತ್ತಾರೆಂದು ಅದು ಹೇಳಿತು. (ಅಷ್ಟೂ ಜನಕ್ಕೆ ತಮ್ಮ ಮೇಲೆ ಪ್ರಯೋಗ ನಡೆಯುತ್ತಿದೆಯೆಂದು ಹೇಳಿರಲಿಲ್ಲವಂತೆ. ನನ್ನಂಥ ಹಳಬನಿಗೆ ಅದು ಸರಿಯೆನಿಸುವುದಿಲ್ಲ. ಅದು ಬೇರೆ ಮಾತು.)

ಇಷ್ಟನ್ನು ತಲೆಯಲ್ಲಿ ತುಂಬಿಕೊಂಡಿದ್ದವನಿಗೆ ಮೊಮ್ಮಗಳ ಪತ್ರದ ತಪ್ಪು ಕಾಣಿಸಿತು. ನಲವತ್ತೊಂದು ಮಂದಿಗೆ ಬರೆದದ್ದಲ್ಲ ತಪ್ಪು. ನಲವತ್ತೊಂದು ಮಂದಿಗೆ ಒಂದೇ ಪತ್ರ ಬರೆದದ್ದು, ಮತ್ತು ಮೊದಲ ಮಾತಿಗೇ ಬೇಡಿದ್ದು. ನೋಟುಪುಸ್ತಕವಿಲ್ಲದೆ ತಿರುಕ್ಕೋಯಿಲೂರಿಗೆ ಹೋದ ಹಾಗೆ. "ನೀನು ಈ ವರ್ಷ ಕೈಯಾರೆ ಮಾಡಿದ್ದು ಏನಾದರೂ ಇದೆಯೆ?" ಎಂದು ಕೇಳಿದೆ. ಅಡಿಕೆ ತೋಟದ ಮಣ್ಣಿನ ತೇವವನ್ನು ಅಳೆದು ಪಂಪನ್ನು ತಾನಾಗಿ ನಿಲ್ಲಿಸುವ ಸಣ್ಣ ಯಂತ್ರವೊಂದನ್ನು ಗೆಳತಿಯೊಡನೆ ಮಾಡಿದ್ದಳು. ಅದನ್ನು ಪತ್ರದಲ್ಲಿ ಬರೆದೇ ಇರಲಿಲ್ಲ! "ಅದು ಸಣ್ಣದು ಅಜ್ಜ" ಎಂದಳು. ಪರಿಶ್ರಮಿ ಎಂಬ ವಿಶೇಷಣಕ್ಕಿಂತ ಅದು ದೊಡ್ಡದು ಎಂದು ಗದರಿಸಿದೆ.

ಎರಡು ದಿನ ಕುಳಿತು ಆರು ಜನರನ್ನು ಆರಿಸಿದೆವು. ಎಲ್ಲರೂ ಅವಳ ಕಾಲೇಜಿನಲ್ಲೇ ಹಿಂದೆ ಓದಿದವರು ಇಲ್ಲವೆ ಅವಳ ಅಧ್ಯಾಪಕರ ಪರಿಚಯದವರು. ಪ್ರತಿಯೊಬ್ಬರೂ ಮಾಡುತ್ತಿರುವ ಕೆಲಸವನ್ನು ಓದಿ ತಿಳಿದುಕೊಂಡು ಬೇರೆ ಬೇರೆ ಪತ್ರ ಬರೆದಳು. ನಿಮ್ಮ ಹೆಸರು ನನಗೆ ಹೀಗೆ ತಿಳಿಯಿತು, ನಾನು ಮಾಡಿದ್ದು ಇದು, ಇಂಥಲ್ಲಿ ಸಿಕ್ಕಿಕೊಂಡಿದ್ದೇನೆ, ಹದಿನೈದು ನಿಮಿಷ ಫೋನಿನಲ್ಲಿ ಮಾತಾಡಬಹುದೆ? ಏಳೆಂಟು ಸಾಲು, ಅಷ್ಟೆ. ಕೆಲಸ ಕೊಡಿಸಿ ಎಂಬ ಮಾತನ್ನು ತೆಗೆಸಿದೆ. ಉತ್ತರ ಬರದಿದ್ದರೆ ಹತ್ತು ದಿನದ ಮೇಲೆ ಒಮ್ಮೆ ನೆನಪಿಸು, ಆಮೇಲೆ ಬಿಟ್ಟುಬಿಡು. ಮಾತಾಡಿದವರಿಗೆ ಅಂದೇ ಕೃತಜ್ಞತೆ ತಿಳಿಸು, ಅವರು ಹೇಳಿದಂತೆ ಮಾಡಿ ಏನಾಯಿತೆಂದು ತಿಂಗಳ ಮೇಲೆ ಮತ್ತೆ ಬರೆ. ತರಬೇತಿಗೆ ಮುಂಗಡ ಹಣ ಕಟ್ಟು ಎಂದವರ ಕಡೆಗೆ ತಲೆ ಹಾಕಿಯೂ ಮಲಗಬೇಡ. ಇಷ್ಟು ಹೇಳಿದ್ದು ನಾನು. ಹೇಳುವುದು ಸುಲಭ, ಅಪರಿಚಿತರಿಗೆ ಬರೆಯುವಾಗ ಅವಳ ಬೆರಳು ತಡವರಿಸುತ್ತಿದ್ದುದನ್ನು ನೋಡಿದ್ದೇನೆ.

ಆರರಲ್ಲಿ ಇಬ್ಬರು ಉತ್ತರಿಸಿದರು. ಏಳು ವರ್ಷದ ಹಿಂದೆ ಅದೇ ಕಾಲೇಜು ಬಿಟ್ಟ ಹೆಣ್ಣುಮಗಳೊಬ್ಬಳು, ಈಗ ಬೆಂಗಳೂರಿನಲ್ಲಿ ಚಿಪ್ ಪರೀಕ್ಷಿಸುವ ಕೆಲಸದಲ್ಲಿರುವವಳು, ಹದಿನೈದರ ಬದಲು ನಲವತ್ತು ನಿಮಿಷ ಮಾತಾಡಿದಳು. ಇಂಟರ್ನ್‌ಶಿಪ್ ಇನ್ನೂ ಸಿಕ್ಕಿಲ್ಲ. ಆದರೆ ಮುಂದೆ ಯಾವ ತಿಂಗಳಿನಲ್ಲಿ ಎಲ್ಲಿ ಅರ್ಜಿ ಹಾಕಬೇಕು, ಅಷ್ಟರೊಳಗೆ ಏನನ್ನು ಕಲಿತಿರಬೇಕು ಎಂಬುದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಾಗಿದೆ.

ಅವಳು ಹಾಸ್ಟೆಲಿಗೆ ಹೊರಡುವ ಹಿಂದಿನ ದಿನ ಶಿವಮೊಗ್ಗದ ವೈಂಡಿಂಗ್ ಅಂಗಡಿಗೆ ಫೋನು ಮಾಡಿದೆ. ಅವನ ಮಗಳು ಮೆಕ್ಯಾನಿಕಲ್ ಡಿಪ್ಲೊಮಾ ಕೊನೆಯ ವರ್ಷದಲ್ಲಿರುವ ಸಂಗತಿ ನನಗೆ ಗೊತ್ತಿತ್ತು. "ಅಪ್ರೆಂಟಿಸ್‌ಗೆ ಎಲ್ಲಾದರೂ ಪ್ರಯತ್ನಿಸುತ್ತಿದ್ದಾಳೆಯೆ?" ಎಂದೆ. "ಹುಡುಕುತ್ತಿದ್ದಾಳೆ ಸಾರ್, ನಮಗೆ ಯಾರು ಗೊತ್ತು?" ಎಂದ. ನನಗೆ ಯಾರು ಗೊತ್ತು ಎಂದು ನಾನೂ ಯೋಚಿಸಿದೆ. 1992ರ ಆ ಸಹಪಾಠಿ ತೀರಿಕೊಂಡು ವರ್ಷಗಳಾದುವು. ಹಳೆಯ ಹಾಜರಿ ಪುಸ್ತಕಗಳಿಂದ ಬರೆದಿಟ್ಟುಕೊಂಡಿದ್ದ ವಿದ್ಯಾರ್ಥಿಗಳ ಪಟ್ಟಿಯನ್ನು ತೆಗೆದೆ. ಹಿಂದಿನ ಬೆಂಚಿನಲ್ಲಿ ಕುಳಿತು ಒಂದು ದಿನವೂ ಬಾಯಿಬಿಡದಿದ್ದ ಹುಡುಗನೊಬ್ಬ ಈಗ ಒಂದು ಯಂತ್ರೋಪಕರಣ ಕಾರ್ಖಾನೆಯಲ್ಲಿ ತರಬೇತಿ ವಿಭಾಗ ನೋಡಿಕೊಳ್ಳುತ್ತಿದ್ದಾನೆಂದು ಮದುವೆಯೊಂದರಲ್ಲಿ ಕೇಳಿದ್ದೆ. ಅವನೊಡನೆ ಮಾತಾಡಿ ಮೂವತ್ತು ವರ್ಷವಾಗಿತ್ತು. ಮೊಮ್ಮಗಳು ಐದೇ ನಿಮಿಷದಲ್ಲಿ ಅವನನ್ನು ಹುಡುಕಿ ಕೊಟ್ಟಳು.

ಕನ್ನಡದಲ್ಲೇ ಬರೆದೆ. ಹುಡುಗಿಗೆ ಯಾವ ರಿಯಾಯಿತಿಯೂ ಬೇಡ, ಭರ್ತಿ ಯಾವಾಗ, ಅರ್ಜಿಯ ಕ್ರಮವೇನು, ಏನು ಓದಿಕೊಂಡು ಬರಬೇಕು ಎಂಬಷ್ಟನ್ನು ತಿಳಿಸಿದರೆ ಉಪಕಾರವಾಗುತ್ತದೆ ಎಂದು. ನನ್ನದೇ ಬರಹವನ್ನು ನಾಲ್ಕು ಸಲ ತಿದ್ದಿದೆ. ಅವನು ಉತ್ತರಿಸದೆ ಹೋದರೆ, ಮೇಷ್ಟ್ರು ಈ ವಯಸ್ಸಿನಲ್ಲಿ ವಶೀಲಿಗೆ ಇಳಿದರೆಂದು ನಕ್ಕರೆ ಎಂಬ ಅಳುಕು ಬೇರೆ. ಕೊನೆಗೆ ಕಳಿಸುವ ಗುಂಡಿಯನ್ನು ಮೊಮ್ಮಗಳೇ ಒತ್ತಿದಳು.

ಹನ್ನೊಂದನೆಯ ದಿನ ಉತ್ತರ ಬಂದಿತು. ಈ ವರ್ಷದ ಭರ್ತಿ ಮುಗಿದಿದೆ, ಮುಂದಿನದಕ್ಕೆ ಮೇ ತಿಂಗಳಿನಲ್ಲಿ ಪ್ರಕಟಣೆ ಹೊರಡುತ್ತದೆ, ಡ್ರಾಯಿಂಗ್ ಓದುವುದನ್ನೂ ಅಳತೆಯ ಉಪಕರಣಗಳನ್ನೂ ಚೆನ್ನಾಗಿ ಅಭ್ಯಾಸ ಮಾಡಿರಲಿ, ನನ್ನ ನಂಬರನ್ನು ಆ ಹುಡುಗಿಗೇ ಕೊಡಿ, ನೇರವಾಗಿ ಮಾತಾಡಲಿ ಎಂದು ಬರೆದಿದ್ದ. ಕೂಡಲೇ ಶಿವಮೊಗ್ಗಕ್ಕೆ ಫೋನು ಮಾಡಿ ಅಷ್ಟನ್ನೂ ಓದಿ ಹೇಳಿದೆ. ಆ ಕಡೆಯಿಂದ ಒಂದೆರಡು ಕ್ಷಣ ಮೋಟಾರು ತಿರುಗುವ ಸದ್ದಷ್ಟೇ ಕೇಳಿಸಿತು.

"ಮೇ ತಿಂಗಳು ಅಲ್ವಾ ಸಾರ್?" ಎಂದ. "ಒಂದು ನಿಮಿಷ ಇರಿ, ಬರ್ಕೋತೀನಿ."